ಹಸಿಯ ಸ್ಟೂಲು

ಬಲಗೈಯನ್ನು ಶಾಲಿನೊಳಗೆ ಮಡಚಿಟ್ಟುಕೊಂಡು ಬಂದ ದೊಡ್ಡಮ್ಮ ತಮ್ಮ ತಿಗರಿಯ ಕಡೆ ಹೋಗಲಿಲ್ಲ. ಬಾಗಿಲ ಪಕ್ಕದ ಹಸಿಯ ಸ್ಟೂಲಿನ ಮೇಲೆ ಕೂತುಬಿಟ್ಟರು. ಮಡಕೆ ಮಾಡುವ ಆ ಶೆಡ್ಡಿನಲ್ಲಿ ತಿರುಗುತ್ತಿದ್ದ ತಿಗರಿಗಳೆಲ್ಲ ಒಂದೊಂದಾಗಿ ನಿಂತವು.

ಅಲ್ಲಿ ಹೊಸದಾಗಿ ಸೇರಿದವರನ್ನು ‘ಹಸಿ’ ಎಂದೇ ಕರೆಯುವುದು. ಬೆಂಕಿ ಕಾಣದ ಮಡಕೆಗೂ ಅದೇ ಹೆಸರು. ಮೊದಲ ಮಡಕೆ ಒಡೆಯದೆ ಸುಟ್ಟು ಹೊರಬರುವವರೆಗೆ ಆ ಸ್ಟೂಲೂ ಬಿಡದು, ಆ ಹೆಸರೂ ಬಿಡದು. ಮುಂದಿನ ಹಸಿಗೆ ಕಲಿಸುವವರು ಕೊನೆಯದಾಗಿ ಸ್ಟೂಲು ಬಿಟ್ಟೆದ್ದವರೇ. ವಯಸ್ಸೆಷ್ಟೇ ಇರಲಿ, ಹಸಿಯಾದವರು ಅವರನ್ನು ಅಣ್ಣ, ಅಕ್ಕ ಎನ್ನಬೇಕು. ಈ ಕಟ್ಟಳೆ ಮಾಡಿದವರು ದೊಡ್ಡಮ್ಮನೇ. ಅಲ್ಲಿದ್ದವರೆಲ್ಲ ಅವರ ಕೈಯಲ್ಲಿ ಪಳಗಿದವರು.

“ಇದೇನ್ ದೊಡ್ಡಮ್ಮ, ಅಲ್ಲ್ಯಾಕೆ ಕೂತ್ರಿ? ಏಳಿ,” ಎಂದ ಮೇಸ್ತ್ರಿ.

“ಬಲಗೈಗೆ ಲಕ್ವ ಹೊಡೀತಲ್ಲಪ್ಪ. ಎಡಗೈ ಇಷ್ಟು ದಿನ ಅದರ ಬಾಲ ಹಿಡ್ಕೊಂಡೇ ಓಡಾಡ್ತಿತ್ತು. ಒಂಟಿಯಾಗಿ ಕೆಲಸ ಮಾಡೋದರ ಗಂಧಗಾಳಿಯೂ ಇಲ್ಲ ಅದಕ್ಕೆ. ಅಂದ್ಮೇಲೆ ನಾನು ಹಸೀನೇ ತಾನೆ? ಮೊನ್ನೆ ಈ ಸ್ಟೂಲ್ ಬಿಟ್ಟೆದ್ದೋರು ಯಾರು?”

ಎಲ್ಲರೂ ಎಡಚಿಯತ್ತ ತಿರುಗಿದರು. ಕಂಡಕ್ಟರ್ ಕೆಲಸ ಬಿಟ್ಟು ಬಂದು, ಎಡಗೈಯಲ್ಲೇ ಕಲಿತು, ಮೊನ್ನೆಯಷ್ಟೇ ಮೊದಲ ಮಡಕೆ ಸುಟ್ಟವಳು ಅವಳು. ಕೈ ಒರೆಸಿಕೊಂಡು ಬಂದು, ದೊಡ್ಡಮ್ಮನ ಎಡಗೈಯನ್ನು ಮಣ್ಣಿನ ಮುದ್ದೆಯ ಮೇಲಿಟ್ಟಳು. ಮುದ್ದೆ ಒಂದು ಬದಿಗೆ ವಾಲಿತು.

“ಮೊಣಕೈ ತೊಡೆಗೆ ಒತ್ತಿ ಹಿಡ್ಕೊಳ್ಳಿ...” ಎಂದಳು. ದೊಡ್ಡಮ್ಮ ಕಾಯುತ್ತಲೇ ಇದ್ದರು. ಅವಳು “...ಹಸಿ,” ಎಂದು ಸೇರಿಸಿದಳು.

ದೊಡ್ಡಮ್ಮ ಮೊಣಕೈ ಒತ್ತಿ ಹಿಡಿದರು.

“ಹೀಗಾ, ಅಕ್ಕಾ?”