ಹಿಟ್ಟಿನ ಬಾಂಬು

"ಅಕ್ಕಾ, ಎಸೆ ಈಗ! ಇದ್ನೂ ತಪ್ಪಿಸ್ಬ್ಯಾಡ!" ವಿಮಾನ ಓಡಿಸುತ್ತಿದ್ದ ತಮ್ಮ ರಾಮಲಿಂಗ ಮುಂದಿನ ಸೀಟಿನಿಂದ ಕಿರುಚಿದ. ಹಿಂದಿನ ಸೀಟಿನಲ್ಲಿ ದೇವೀರಮ್ಮ ಕೊನೆಯ ಅಕ್ಕಿಹಿಟ್ಟಿನ ಪೊಟ್ಟಣವನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಅವನ ಫ್ಲೈಯಿಂಗ್ ಕ್ಲಬ್ಬಿನ, ಎರಡನೇ ಮಹಾಯುದ್ಧದ ಕಾಲದ ಆ ಹಳೆಯ ತೆರೆದ ವಿಮಾನದಲ್ಲಿ ಗಾಳಿ ಅವಳ ಉಸಿರನ್ನೇ ಕಿತ್ತೊಯ್ಯುವಂತಿತ್ತು.

ಕೆಳಗೆ ಕೊಳ್ಳೇಗಾಲದ ಒಣಗಿದ ಕೆರೆಯಂಗಳದಲ್ಲಿ, ಎಪ್ಪತ್ತೊಂದರ ಯುದ್ಧದ ಗೆಲುವಿನ ನೆನಪಿಗೆ ಅಣಕು ಯುದ್ಧ ನಡೆಯುತ್ತಿತ್ತು. ಬಾಂಬು ಎಸೆಯಬೇಕಿದ್ದ ಯುವಕ ವಿಮಾನ ಹತ್ತಲು ಹೆದರಿ ಹಿಂದೆ ಸರಿದಾಗ, "ಇಮಾನ ನಾ ಅತ್ತೀನಿ" ಎಂದವಳು ಇವಳೇ. ಅವಳ ಮಗ್ಗದ ಕೇರಿಯವರೆಲ್ಲ ನಕ್ಕಿದ್ದರು. ಮೊದಲೆರಡು ಪೊಟ್ಟಣ ಬರಿಯ ಬಯಲಿಗೆ ಬಿದ್ದಾಗ ಇನ್ನೂ ಜೋರಾಗಿ ನಕ್ಕಿರಬೇಕು.

ಬಿದಿರ ತಟ್ಟಿಯಲ್ಲಿ ಕಟ್ಟಿದ ಶತ್ರು ಟ್ಯಾಂಕು ಹತ್ತಿರವಾಯಿತು. ಅದರ ಮೇಲೆ ಶತ್ರುವಿನ ವೇಷದಲ್ಲಿ ನಿಂತಿದ್ದವನು ಅವಳ ಗಂಡ ಗೋವಿಂದಯ್ಯ. ದೇವೀರಮ್ಮ ಅಂಚಿಗೆ ಬಾಗಿ ಎಸೆದೇಬಿಟ್ಟಳು. ಟ್ಯಾಂಕಿನ ನಡುಮಧ್ಯದಲ್ಲಿ ಹಿಟ್ಟು ಬೆಳ್ಳಗೆ ಸಿಡಿಯಿತು. ಸತ್ತವನಂತೆ ಬೀಳಬೇಕಿದ್ದ ಗೋವಿಂದಯ್ಯ ಅದನ್ನು ಮರೆತು, ತಲೆಯಿಂದ ಕಾಲಿನವರೆಗೂ ಹಿಟ್ಟಾಗಿ, ಟವೆಲ್ ಬೀಸುತ್ತಾ ಕುಣಿಯತೊಡಗಿದ.

ರಾಮಲಿಂಗ ವಿಮಾನವನ್ನು ಇಳಿಸಲು ತಿರುಗಿಸಿದ.

"ಈಗ್ಲೇ ಇಳಿಸ್ಬ್ಯಾಡ ಕಣ್ಲಾ!" ಹಿಂದಿನಿಂದ ದೇವೀರಮ್ಮ ಕೂಗಿದಳು. "ಇನ್ನೂ ಮ್ಯಾಲಕ್ಕೆ ಓಗು!"