ಖಾಲಿ ಬಲೆಯ ಸುದ್ದಿ

ಪದ್ಮನಾಭ ತಿಂಗಳಾಯರು ಮಲ್ಪೆಯ ಮೀನುಗಾರಿಕಾ ಬೋಟೊಂದರ ತಾಂಡೇಲ. ಬೋಟು ಯಾವ ಕಡೆ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ನಿರ್ಧರಿಸುವ ಮುಂದಾಳು...

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಇಲಿಜ್ವರ ಬಂತು. ಗಟ್ಟಿ ಆಳು ನೋಡಿ, ಗುಳಿಗೆ ನುಂಗಿ ಮನೆಯಲ್ಲೇ ಮಲಗಿದರು.

ಆಸ್ಪತ್ರೆಗೆ ಸೇರಿಸುವಾಗ ಕಿಡ್ನಿ ನಿಂತಿತ್ತು, ಲಿವರ್ ಸೋತಿತ್ತು, ಶ್ವಾಸಕೋಶವೂ ಕೈಕೊಡುತ್ತಿತ್ತು.

ಐಸಿಯು ಡಾಕ್ಟರ್ ಪ್ರೆಸಿಲ್ಲಾ ಲೋಬೋ ಅವರು ಪದ್ಮನಾಭರ ಹೆಂಡತಿ ಗಿರಿಜಕ್ಕನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ನಿಧಾನವಾಗಿ ಹೇಳಿದರು.

"ಗಿರಿಜಕ್ಕ, ನಮ್ಮ ಚಿಕಿತ್ಸೆ ಎಲ್ಲ ನಡೀತಾ ಉಂಟು, ಅದು ನಿಲ್ಲುದಿಲ್ಲ. ಹೀಗೆ ಒಂದೊಂದೇ ಅಂಗ ಸೋಲುವವರಿಗೆ ಹೊಸ ಔಷಧವೊಂದು ಪ್ರಯೋಜನ ಆಗ್ತದಾ ಅಂತ ಹಲವು ಆಸ್ಪತ್ರೆಗಳು ಸೇರಿ ಸಂಶೋಧನೆ ಮಾಡ್ತಾ ಇದ್ದೇವೆ. ಕೆಲವರಿಗೆ ಔಷಧ, ಕೆಲವರಿಗೆ ಬರೀ ಸಲೈನ್. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಚೀಟಿ ಎತ್ತುದು. ನನಗೂ ಗೊತ್ತಾಗುದಿಲ್ಲ. ನೀವು ಬೇಡ ಅಂದ್ರೂ ಚಿಕಿತ್ಸೆಯಲ್ಲಿ ಒಂಚೂರೂ ಕಮ್ಮಿ ಮಾಡುದಿಲ್ಲ."

"ಇದರಿಂದ ಇವರು ಉಳೀತಾರಾ ಡಾಕ್ಟ್ರೆ?"

"ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಈ ಸಂಶೋಧನೆ."

ಸುಳ್ಳು ಭರವಸೆ ಕೊಡದ ಆ ಮಾತೇ ಗಿರಿಜಕ್ಕನಿಗೆ ಹಿಡಿಸಿತು. ಸಹಿ ಹಾಕಿದರು.

ಆದರೆ ಪದ್ಮನಾಭರು ಉಳಿಯಲಿಲ್ಲ...

ಇನ್ನು ನಮ್ಮ ಜನರ ವಿಷಯ ಗೊತ್ತಲ್ಲ! ಆಸ್ಪತ್ರೆಯಲ್ಲಿ 'ಸಂಶೋಧನೆ' ಎಂಬ ಪದ ಕಿವಿಗೆ ಬಿದ್ದರೆ ಸಾಕು, ಕಿಡ್ನಿ ಕದ್ದರು ಎಂಬಲ್ಲಿಯವರೆಗೆ ಕಥೆ ಬೆಳೆಯುತ್ತದೆ. ಊರ ಬಾಯಿಗೆ ಮುಚ್ಚಳ ಉಂಟೇ?

ಊರಿನದ್ದು ಬಿಡಿ. ಮನೆಯೊಳಗಿನ ಮಾತು ಹೆಚ್ಚು ನೋಯಿಸಿತು.

ಸಹಿ ಹಾಕುವಾಗ ಪದ್ಮನಾಭರ ತಮ್ಮ ದಾಮೋದರ ಕಡಲಲ್ಲಿದ್ದ. ಬಂದು ನೋಡಿದರೆ ಅಣ್ಣನಿಗೆ ಮಾತಿಲ್ಲ, ಎಚ್ಚರವಿಲ್ಲ. ಅಣ್ಣನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ದಿನ ಎಲ್ಲರೆದುರು ಅತ್ತಿಗೆಗೆ ಹೇಳಿಯೇ ಬಿಟ್ಟ...

"ನನ್ನನ್ನು ಒಂದು ಮಾತು ಕೇಳ್ಬೇಕಿತ್ತು. ಅಣ್ಣನ ಮೇಲೆ ಪರೀಕ್ಷೆ ಮಾಡ್ಲಿಕ್ಕೆ ಬಿಟ್ಟು ಕೊಂದ್ರಿ ನೀವು."

ಅಂದಿನಿಂದ ಅವರೊಡನೆ ಮಾತು ಬಿಟ್ಟ.

ಅದೇ ಸಂಶಯ ಗಿರಿಜಕ್ಕನ ಎದೆಯಲ್ಲೂ ಕೂತಿತ್ತು... ನನ್ನ ಸಹಿಯೇ ಇವರನ್ನು ಕೊಂದಿತೇ?

ಎರಡು ವರ್ಷ ಕಳೆಯಿತು. ಸಂಶೋಧನೆ ಮುಗಿದಾಗ ಡಾಕ್ಟರ್ ಪ್ರೆಸಿಲ್ಲಾ ಒಂದು ನಿರ್ಧಾರ ಮಾಡಿದರು. ಒಪ್ಪಿಗೆ ಕೊಟ್ಟ ಮನೆಯವರಿಗೆಲ್ಲ ಫಲಿತಾಂಶವನ್ನು ತಾವೇ ಎದುರು ಕೂತು ಹೇಳಬೇಕು.

ಕರೆ ಬಂದಾಗ ಗಿರಿಜಕ್ಕ ಆಸ್ಪತ್ರೆಗೆ ಹೋದರು. ವಿಷಯ ತಿಳಿದು ದಾಮೋದರನೂ ಹೋದ. ಇವತ್ತು ಡಾಕ್ಟರನ್ನು ಕೇಳಿಯೇ ಬಿಡುವುದು ಎಂದು ಅವನ ಲೆಕ್ಕ.

ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ.

"ಆ ಔಷಧದಿಂದ ಏನೂ ಪ್ರಯೋಜನ ಆಗ್ಲಿಲ್ಲ ಗಿರಿಜಕ್ಕ. ಕಂಪ್ಯೂಟರ್ ಚೀಟಿಯಲ್ಲಿ ನಿಮ್ಮ ಯಜಮಾನರಿಗೆ ಬಂದದ್ದು ಸಲೈನ್ ಅಲ್ಲ... ಆ ಔಷಧವೇ."

ದಾಮೋದರ ದಡಕ್ಕನೆ ಎದ್ದು ನಿಂತ. ಎರಡು ವರ್ಷ ಗಿರಿಜಕ್ಕನ ಗಂಟಲಲ್ಲೇ ಉಳಿದಿದ್ದ ಪ್ರಶ್ನೆ ಕೊನೆಗೂ ಹೊರಬಂತು.

"ನಾನು ಸಹಿ ಹಾಕದಿದ್ರೆ... ಇವರು ಉಳೀತಿದ್ರಾ?"

"ಇಲ್ಲ ಅಂತಲೇ ನಮ್ಮ ಲೆಕ್ಕ ಹೇಳ್ತದೆ. ಔಷಧ ಕೊಟ್ಟವರಲ್ಲೂ ಕೊಡದವರಲ್ಲೂ ಉಳಿದವರ ಸಂಖ್ಯೆ ಹೆಚ್ಚುಕಮ್ಮಿ ಒಂದೇ. ಅದರಿಂದ ಉಪಕಾರ ಇಲ್ಲ, ಅಪಕಾರವೂ ಇಲ್ಲ. ನಿಮ್ಮ ಯಜಮಾನರನ್ನು ಕೊಂಡುಹೋದದ್ದು ಇಲಿಜ್ವರ, ನಿಮ್ಮ ಸಹಿ ಅಲ್ಲ."

ಡಾಕ್ಟರು ತಗ್ಗಿದ ದನಿಯಲ್ಲಿ ಮುಂದುವರಿಸಿದರು. "ನಮಗೂ ಬೇಜಾರುಂಟು. ಇಷ್ಟು ಜನ ನಂಬಿ ಒಪ್ಪಿದ್ರಿ, ಕೈಗೆ ಏನೂ ಸಿಗ್ಲಿಲ್ಲ. ಸೋತದ್ದನ್ನು ಯಾರು ಓದ್ತಾರೆ, ಪ್ರಕಟ ಮಾಡುದು ಯಾಕೆ ಅಂತ ನಮ್ಮವರೇ ಕೆಲವರು ಹೇಳ್ತಾರೆ..."

ಜಗಳಕ್ಕೆಂದೇ ಬಂದಿದ್ದ ದಾಮೋದರ ಮೆಲ್ಲನೆ ಕುರ್ಚಿಗೆ ಮರಳಿದ.

"ಡಾಕ್ಟ್ರೆ... ಬಲೆ ಖಾಲಿ ಬಂದ್ರೆ ನಮ್ಮಲ್ಲಿ ಯಾರೂ ವಯರ್‌ಲೆಸ್ಸಲ್ಲಿ ಹೇಳುದಿಲ್ಲ. ಮರ್ಯಾದೆ ಪ್ರಶ್ನೆ. ಅಣ್ಣ ಒಬ್ಬ ಹೇಳ್ತಿದ್ದ. 'ಇಲ್ಲಿ ಎಂತದೂ ಇಲ್ಲ ಮಾರಾಯ್ರೆ, ಸುಮ್ನೆ ಬಂದು ಡೀಸೆಲ್ ಸುಡ್ಬೇಡಿ, ಬೇರೆ ಕಡೆ ಹೋಗಿ' ಅಂತ. ನಾವೆಲ್ಲ ತಮಾಷೆ ಮಾಡಿ ನಗಾಡ್ತಿದ್ದೆವು. ನಗಾಡ್ತಾ ಅವನ ಮಾತು ಕೇಳಿಯೇ ಬೇರೆ ಕಡೆ ಬಲೆ ಬಿಟ್ಟು ಮೀನು ಹಿಡೀತಿದ್ದೆವು."

ಅವನು ಕುರ್ಚಿಯನ್ನು ಡಾಕ್ಟರ ಮೇಜಿನ ಹತ್ತಿರಕ್ಕೆ ಎಳೆದ.

"ನೀವು ಪ್ರಕಟ ಮಾಡಿ ಡಾಕ್ಟ್ರೆ. ಆ ಔಷಧದ ಹಿಂದೆ ಇನ್ನೊಬ್ಬರು ಹೋಗುದು ಬೇಡ. ಬೇರೆ ಕಡೆ ಹುಡುಕ್ಲಿ."

"ಮಾಡ್ತೇನೆ," ಎಂದರು ಡಾಕ್ಟರು.

ಆಮೇಲೆ ದಾಮೋದರ ಅತ್ತಿಗೆಯ ಕಡೆ ತಿರುಗಿದ. ಮುಖ ನೋಡುವ ಧೈರ್ಯ ಸಾಲದೆ ಅವರ ಕೈ ಹಿಡಿದುಕೊಂಡ.

"ಅತ್ತಿಗೆ, ನಾನು ಹೇಳಬಾರದ್ದು ಹೇಳಿದೆ... ಅವತ್ತು ಅಣ್ಣನಿಗೆ ಎಚ್ಚರ ಇದ್ದಿದ್ರೆ, ನಿಮ್ಮ ಕೈಯಿಂದ ಪೆನ್ನು ಎಳ್ಕೊಂಡು ಅವನೇ ಸಹಿ ಹಾಕ್ತಿದ್ದ."

ಬೊಜ್ಜದ ದಿನವೂ ಕಣ್ಣೀರು ಹಾಕದೆ ಕಲ್ಲಿನಂತೆ ಕೂತಿದ್ದ ಗಿರಿಜಕ್ಕ ಅಲ್ಲಿ, ಮೈದುನನ ಕೈ ಹಿಡಿದು, ಮನಸ್ಸು ತುಂಬ ಅತ್ತರು...

*ಗೆದ್ದವನು ತನ್ನ ದಾರಿ ತೋರಿಸುತ್ತಾನೆ. ಸೋತದ್ದನ್ನು ಮುಚ್ಚಿಡದೆ ಹೇಳಿದವನು ಹಿಂದೆ ಬರುವವರನ್ನು ಕಾಪಾಡುತ್ತಾನೆ.*

ನಿಮ್ಮ ಬಲೆ ಖಾಲಿ ಬಂದ ಸುದ್ದಿಯನ್ನು ಯಾರಿಗಾದರೂ ಹೇಳಿದ್ದೀರಾ... ಅಥವಾ ಇನ್ನೂ ನಾಚಿಕೆಯಿಂದ ಮುಚ್ಚಿಟ್ಟುಕೊಂಡಿದ್ದೀರಾ?