ನೆಕ್ಕಿ ಸೊಪ್ಪು

ಗಂಡನ ಹೆಸರು ಲಕ್ಕಪ್ಪ. ಗಂಡನ ಹೆಸರನ್ನು ಬಾಯಲ್ಲಿ ಎತ್ತಬಾರದೆಂದು, ಮದುವೆಯಾಗಿ ಬಂದಂದಿನಿಂದ ಸಣ್ಣೀರಮ್ಮ ಲಕ್ಕಿ ಗಿಡವನ್ನೂ ನೆಕ್ಕಿ ಎಂದೇ ಕರೆದಳು. ಮಳೆ ಬಾರದ ವರ್ಷವೂ ಕಲ್ಲುಗುಡ್ಡದ ಮೇಲೆ ಹಸಿರಾಗಿರುವ ಗಿಡ ಅದು. ಊರಿಗೆಲ್ಲ ಲಕ್ಕಿ, ಇವರ ಮನೆಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ನೆಕ್ಕಿಯೇ ನಿಂತುಬಿಟ್ಟಿತು. ಯಾರಾದರೂ ಗಂಡನ ಹೆಸರು ಕೇಳಿದರೆ ಅವಳು ಆ ಗಿಡದತ್ತ ಕೈ ತೋರಿಸುವಳು. ಅವರಿಗೆ ಅರ್ಥವಾಗುತ್ತಿತ್ತು.

ಈಗ ಮುದುಕನಿಗೆ ಮರೆವು. ಹೆಂಡತಿಯ ಗುರುತೂ ಇಲ್ಲ. ಅವನ ಮಂಡಿಗೆ ಬಿಸಿ ಸೊಪ್ಪಿನ ಶಾಖ ಕೊಟ್ಟು ಕೊಟ್ಟು ಅವಳ ರಟ್ಟೆ ಸೋತಿತ್ತು.

"ನನ್ನ ಹೆಸ್ರೇನಮ್ಮ?" ಅಂದ, ಬೆಳಗಿನಿಂದ ಕೇಳುತ್ತಿದ್ದುದನ್ನೇ.

ಅವಳು ಒಂದು ಎಲೆ ಎತ್ತಿ ಹಿಡಿದಳು. "ಇದೇನು ಹೇಳ್ರಿ?"

"ನೆಕ್ಕಿ ಸೊಪ್ಪು."

"ಊರೋರು ಏನಂತಾರೆ?"

"ಊರೋರ ಮಾತು ನಂಗೇನು ಗೊತ್ತಮ್ಮ? ನಮ್ಮನೇಲಿ ನೆಕ್ಕಿ ಅಂತಾರೆ."

ಸಣ್ಣೀರಮ್ಮ ಬಾಗಿಲ ಕಡೆ ನೋಡಿದಳು, ಯಾರೂ ಇರಲಿಲ್ಲ. ಅವನ ಕಿವಿಯ ಹತ್ತಿರ ಬಗ್ಗಿ, ಜೀವಮಾನದಲ್ಲಿ ಮೊದಲ ಸಲ ಹೇಳಿದಳು: "ಲಕ್ಕಪ್ಪ."

ಮುದುಕ ಕಾಲು ಕಿತ್ತುಕೊಂಡ. "ಥೂ! ಗಂಡನ್ನ ಹೆಸ್ರು ಹಿಡಿದು ಕರೀತೀಯಲ್ಲೇ ಸಣ್ಣೀರೀ, ನಾಚ್ಕೆ ಆಗಲ್ವಾ?"